ಸದಾಶಿವ ಪೇಠದಲ್ಲಿ ಸ್ವೆತ್ಲಾನಾ

ಮಗಳು ಹೆತ್ತು ಒಂಬತ್ತನೆಯ ದಿನ. ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಹೊಗೆ ಹಿಡಿದು ಮಲಗಿಸಿ, ನಾನು ಅಡುಗೆಮನೆಯಲ್ಲಿ ಅಳವಿ ಪಾಯಸ ಕುದಿಸುತ್ತಿದ್ದೆ. ಒಳಗಿನಿಂದ ಮಗಳ ದನಿ ಬಂತು: "ಆಯಿ, ಹೆಸರು ಠರಾಯಿಸೀನಿ. ಸ್ವೆತ್ಲಾನಾ."

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತೆ. ಈ ಮನೆ ಇರುವುದು ಪುಣೆಯ ಸದಾಶಿವ ಪೇಠದಲ್ಲಿ. ಇಲ್ಲಿ ಬಾಗಿಲ ಕರೆಗಂಟೆಯನ್ನು ಎಷ್ಟು ಸಲ ಒತ್ತಬೇಕು, ಯಾವ ಹೊತ್ತಿನಲ್ಲಿ ಒತ್ತಬಾರದು ಅನ್ನೋದನ್ನೂ ಪಾಟಿ ಬರೆದು ತೂಗುಹಾಕುವ ಜನ ಇದ್ದಾರೆ. ಇಂಥ ಪೇಠದೊಳಗೆ ಸ್ವೆತ್ಲಾನಾ ಅಂತ ಗಟ್ಟಿಯಾಗಿ ಕೂಗಿ ಕರೆಯುವುದು ಹೇಗೆ? ನಾನೇನೂ ಅನ್ನಲಿಲ್ಲ. ಆದರೆ ಸಂಜೆ ಬೀಗತಿಯ ಫೋನು ಬಂತು. ಅವರು ಒಳ್ಳೆಯವರೇ. "ಅಹೋ, ನೀವಾದರೂ ತಿಳಿಸಿ ಹೇಳ್ರಿ, ನಮ್ಮಲ್ಲಿ ಹೆಸರುಗಳಿಗೆ ಬರಗಾಲ ಬಂದಿದೆಯೇನು?" ಅಂದರು. ಮಗಳು ಫೋನು ಇಟ್ಟ ಮೇಲೆ ನನ್ನ ಮುಖ ನೋಡಿ, "ಆಯಿ, ನೀ ಇಪ್ಪತ್ತೈದು ವರ್ಷ ಪಾಠ ಹೇಳೀದಾಕಿ. ಹೂಂ ಅಥವಾ ಉಹೂಂ ಏನಾದ್ರೂ ಒಂದು ಹೇಳು. ಆದ್ರ ಕಾರಣ ಕೊಟ್ಟು ಹೇಳು" ಅಂದಳು.

ಬಾರಸೆ, ಅಂದರೆ ನಮ್ಮ ಕಡೆಯ ನಾಮಕರಣ, ಹನ್ನೆರಡನೆಯ ದಿನ. ನನಗೆ ಸಿಕ್ಕದ್ದು ಮೂರು ರಾತ್ರಿ. ಬಾಣಂತಿಗೆ ನಿದ್ದೆ ಎಲ್ಲಿಯದು? ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ರಷ್ಯನ್ ಕಲಿತ ಹುಡುಗಿ ಅವಳು. ಕೂಸು ತೊಡೆಯ ಮೇಲಿರುವಾಗ ಹಳೆಯ ಪುಸ್ತಕ ತೆಗೆದು ಒಂದೊಂದೇ ಪದ್ಯ ಓದಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ನನಗೆ ಅರ್ಥ ಹೇಳಿದಳು. ಈ ಪ್ರಬಂಧ ಆ ಮೂರು ರಾತ್ರಿಯದು. ಊರಿನಲ್ಲಿರುವ ನೀವು ಇದನ್ನು ಓದಿ, "ಪುಣೆಗೆ ಹೋದ ನಮ್ಮ ಹುಡುಗಿಗೆ ಏನಾತಪ್ಪಾ" ಅಂದುಕೊಂಡರೂ ಅಡ್ಡಿಯಿಲ್ಲ.

ಮೊದಲು ಅರ್ಥ. ರಷ್ಯನ್ನಿನಲ್ಲಿ 'ಸ್ವೆತ್' ಅಂದರೆ ಬೆಳಕು. ನಮ್ಮ ಸಂಸ್ಕೃತದ 'ಶ್ವೇತ'ಕ್ಕೂ ಅದಕ್ಕೂ ಬೇರು ಒಂದೇ. ಇದು ಬರೀ ಸದ್ದು ಹೋಲುತ್ತದೆ ಎಂದು ಕಟ್ಟಿದ ಮಾತಲ್ಲ, ಭಾಷಾಶಾಸ್ತ್ರಜ್ಞರು ಒಪ್ಪಿದ ನಂಟು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಬಿಳುಪನ್ನು ಇಟ್ಟುಕೊಂಡಳು, ಇನ್ನೊಬ್ಬಳು ಬೆಳಕನ್ನು ಇಟ್ಟುಕೊಂಡಳು ಎನ್ನಿ. ಅದೇ 'ಸ್ವೆತ್'ಗೆ ರಷ್ಯನ್ನಿನಲ್ಲಿ ಜಗತ್ತು ಎಂಬ ಅರ್ಥವೂ ಇದೆ. ಇದನ್ನು ಕೇಳಿದಾಗ ನನಗೆ ನಮ್ಮ 'ಆಲೋಕ' ಮತ್ತು 'ಲೋಕ' ನೆನಪಾದವು. ಒಂದು ಬೆಳಕು, ಒಂದು ಜಗತ್ತು. ಕಣ್ಣಿಗೆ ಕಾಣುವುದೇ ಲೋಕ ಎಂದು ಅವರಿಗೂ ಅನಿಸಿತ್ತು, ನಮ್ಮವರಿಗೂ ಅನಿಸಿತ್ತು. ಬೆಂಗಳೂರಿನವರಿಗೆ ಕನಕಪುರ ರಸ್ತೆಯ ತಾತಗುಣಿ ತೋಟದ ಸ್ವೆತೊಸ್ಲಾವ್ ರೋರಿಕ್ ಗೊತ್ತು, ದೇವಿಕಾರಾಣಿಯ ಯಜಮಾನರು. ಅವರ ಹೆಸರಿನ ಕೊನೆಯಲ್ಲಿರುವ 'ಸ್ಲಾವ' ಅಂದರೆ ಕೀರ್ತಿ. ಅದೂ ನಮ್ಮ ವೇದದ 'ಶ್ರವಸ್'ನ ನೆಂಟ. ಸ್ಲಾವ್ ಜನರ ಹಳೆಯ ಹೆಸರುಗಳೆಲ್ಲ ಹೀಗೆಯೇ, ಎರಡು ಮಾತು ಕೂಡಿಸಿ ಕಟ್ಟಿದವು. ಲ್ಯುದ್ಮಿಲಾ ಅಂದರೆ ಜನಕ್ಕೆ ಪ್ರಿಯಳಾದವಳು. ಹತ್ತನೆಯ ಶತಮಾನದಲ್ಲಿ ಬೊಹೀಮಿಯಾದಲ್ಲಿ ಆ ಹೆಸರಿನ ಸಂತಳೇ ಇದ್ದಳು.

ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ರಷ್ಯನ್ ಹೆಸರುಗಳು ಹೊಸವಲ್ಲ. ಒಂದು ಕಾಲಕ್ಕೆ ನವಕರ್ನಾಟಕದವರು ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದರಲ್ಲ, ಗಟ್ಟಿ ರಟ್ಟಿನವು, ಒಂದು ತರಹದ ವಾಸನೆಯವು? ಅವುಗಳ ಜೊತೆಗೆ ಹೆಸರುಗಳೂ ಬಂದವು. ಟಾಲ್‌ಸ್ಟಾಯ್ ಓದಿದವರು ಮಗಳಿಗೆ ನತಾಶಾ ಅಂತ ಇಟ್ಟರು. ತಾನ್ಯಾ ಬಂದಳು, ಸೋನಿಯಾ ಬಂದಳು. ಎಲ್ಲವೂ 'ಆ'ಕಾರದಲ್ಲಿ ಮುಗಿಯುತ್ತವೆ, ನಮ್ಮ ಬಾಯಿಗೆ ಹೊಂದುತ್ತವೆ. ಆದರೆ ಇವು ಯಾವುವೂ ಹುಟ್ಟಿನಿಂದ ಸ್ಲಾವ್ ಹೆಸರುಗಳಲ್ಲ! ನತಾಶಾ ಎಂಬುದು ನತಾಲ್ಯಾದ ಮುದ್ದು ರೂಪ, ಮೂಲ ಲ್ಯಾಟಿನ್, ಹುಟ್ಟಿದ ದಿನ ಎಂಬ ಅರ್ಥದ್ದು. ತಾನ್ಯಾ ಅಂದರೆ ತಾತ್ಯಾನಾ, ರೋಮನ್ ಮನೆತನದಿಂದ ಬಂದದ್ದು. ಸೋನಿಯಾ ಅಂದರೆ ಸೋಫಿಯಾ, ಗ್ರೀಕರ ಜ್ಞಾನ. ಚರ್ಚಿನ ಪಂಚಾಂಗದಲ್ಲಿದ್ದ ಸಂತರ ಹೆಸರುಗಳನ್ನೇ ಇಡಬೇಕೆಂಬ ಕಟ್ಟಳೆ ಇದ್ದುದರಿಂದ ರಷ್ಯನ್ನರ ಮನೆಗಳಲ್ಲಿ ಗ್ರೀಕ್, ಲ್ಯಾಟಿನ್ ಹೆಸರುಗಳೇ ತುಂಬಿದ್ದವು. ನಾವು ರಷ್ಯದ್ದೆಂದು ತಂದುಕೊಂಡದ್ದು ಅವರೂ ಬೇರೆ ಕಡೆಯಿಂದ ತಂದುಕೊಂಡಿದ್ದನ್ನೇ.

ಹಾಗಾದರೆ ಸ್ವೆತ್ಲಾನಾ? ಅದಾದರೂ ಪುರಾತನ ಇರಬೇಕಲ್ಲ? ಕೇಳಿದರೆ ಹಾಗೆಯೇ ಅನಿಸುತ್ತದೆ. ಹಿಮ ಬಿದ್ದ ಹಳ್ಳಿ, ಜಡೆ ಹಾಕಿದ ಹುಡುಗಿ, ಅಜ್ಜಿಯ ಅಜ್ಜಿಯ ಕಾಲದ ಹೆಸರು. ನಾನೂ ಹಾಗೆಯೇ ತಿಳಿದಿದ್ದೆ. ಮಗಳು ನಕ್ಕಳು. "ಆಯಿ, ಅದು ಕವಿ ಕಟ್ಟಿದ ಹೆಸರು. ಇನ್ನೂರಾ ಚಿಲ್ಲರ ವರ್ಷ ಆಗಿರಬೇಕು, ಅಷ್ಟ."

ಮಾತು ನಿಜ. ಅಲೆಕ್ಸಾಂದ್ರ್ ವೊಸ್ತೋಕೊವ್ ಎಂಬಾತ 1802ರಲ್ಲಿ ಹಳೆಯ ಕಾಲದ ಕಥೆ ಎಂಬಂತೆ 'ಸ್ವೆತ್ಲಾನಾ ಮತ್ತು ಮ್ಸ್ತಿಸ್ಲಾವ್' ಎಂಬ ಕವನ ಬರೆದ. ಹೆಸರು ಮೊದಲು ಕಾಣಿಸಿಕೊಂಡದ್ದು ಅಲ್ಲಿ. ಅದು ಮನೆಮನೆಗೆ ಗೊತ್ತಾದದ್ದು 1813ರಲ್ಲಿ, ವಾಸಿಲಿ ಝುಕೊವ್‌ಸ್ಕಿ ಬರೆದ 'ಸ್ವೆತ್ಲಾನಾ' ಎಂಬ ಕಥನಗೀತೆಯಿಂದ. ಆ ಮೇಲೆಯೂ ಬಹಳ ಕಾಲ ಯಾವ ಪಾದ್ರಿಯೂ ಆ ಹೆಸರಿನಲ್ಲಿ ದೀಕ್ಷೆ ಕೊಡುತ್ತಿರಲಿಲ್ಲ, ಪಂಚಾಂಗದಲ್ಲಿ ಆ ಹೆಸರಿನ ಸಂತಳೇ ಇರಲಿಲ್ಲ. ಚರ್ಚಿನ ಲೆಕ್ಕಕ್ಕೆ ಫೋತಿನಾ ಎಂಬ ಗ್ರೀಕ್ ಹೆಸರಿಗೆ ಅದನ್ನು ಜೋಡಿಸಿದರು. ಅದಕ್ಕೂ ಬೆಳಕು ಎಂದೇ ಅರ್ಥ. ಬೈಬಲಿನಲ್ಲಿ ಬಾವಿಯ ಕಟ್ಟೆಯ ಮೇಲೆ ಯೇಸುವಿನೊಡನೆ ಮಾತಾಡಿದ ಸಮಾರ್ಯದ ಹೆಂಗಸಿಗೆ ಅವರ ಪರಂಪರೆ ಕೊಟ್ಟ ಹೆಸರದು. 1917ರ ಕ್ರಾಂತಿಯ ನಂತರ ಹೆಸರು ಬರೆಸುವುದು ಸರ್ಕಾರಿ ಕಚೇರಿಯ ಕೆಲಸವಾದಾಗ ಸ್ವೆತ್ಲಾನಾ ಊರೂರಿಗೆ ಹಬ್ಬಿತು. ಹಳೆಯದರ ಹಾಗೆ ಕೇಳಿಸುತ್ತದೆ, ಆದರೆ ಹಳೆಯ ಹೊರೆ ಹೊತ್ತಿಲ್ಲ. ಅದರ ಸೆಳೆತದ ಅರ್ಧ ಗುಟ್ಟು ಇಲ್ಲಿದೆ ಎಂದು ನನ್ನ ಎಣಿಕೆ.

ಇನ್ನರ್ಧ ಗುಟ್ಟು ಆ ಹೆಸರು ಕಟ್ಟಿದವರಲ್ಲಿದೆ. ವೊಸ್ತೋಕೊವ್ ಹುಟ್ಟಿನಿಂದ ವೊಸ್ತೋಕೊವ್ ಅಲ್ಲ. ಈಗಿನ ಎಸ್ಟೋನಿಯಾದ ಒಂದು ದ್ವೀಪದಲ್ಲಿ ಜರ್ಮನ್ ಮಾತಿನವನಾಗಿ ಹುಟ್ಟಿದ, ಅವನ ಅಡ್ಡಹೆಸರು ಓಸ್ಟೆನೆಕ್. 'ಓಸ್ಟೆನ್' ಅಂದರೆ ಜರ್ಮನ್ನಿನಲ್ಲಿ ಮೂಡಲು. ಅದನ್ನೇ ರಷ್ಯನ್ನಿಗೆ ತಿರುಗಿಸಿ 'ವೊಸ್ತೋಕ್' ಮಾಡಿ ವೊಸ್ತೋಕೊವ್ ಆದ. ಮುಂದೆ ಸ್ಲಾವ್ ಭಾಷೆಗಳ ದೊಡ್ಡ ಪಂಡಿತನಾದ. ತನ್ನದಲ್ಲದ ಭಾಷೆಗೆ ಹೋಗಿ ಅಲ್ಲಿಯವರಿಗಿಂತ ಹೆಚ್ಚು ಆ ಭಾಷೆಯವನಾದ ಮನುಷ್ಯ. ಪರಊರಿನಲ್ಲಿ ಬಾಳಿದ ನಮಗೆ ಇಂಥವರ ಗುರುತು ಹತ್ತುತ್ತದೆ. ಮನೆಮಾತು ಮರಾಠಿಯಾಗಿದ್ದ ನಮ್ಮ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಧಾರವಾಡಕ್ಕೆ ಮರಳಿ ಕನ್ನಡದ ವರಕವಿಯಾದರು. ಬರೆಯುವಾಗ ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ಅಂಬಿಕಾತನಯದತ್ತರಾದರು.

ಝುಕೊವ್‌ಸ್ಕಿಯ ತಾಯಿಯ ಕಥೆ ಇನ್ನೂ ಬೇರೆ. ಆಕೆ ತುರ್ಕಿಯ ಹೆಣ್ಣು, ಹೆಸರು ಸಾಲ್ಹಾ. 1770ರಲ್ಲಿ ರಷ್ಯನ್ ಸೈನ್ಯ ಬೆಂಡರ್ ಕೋಟೆಯನ್ನು ಗೆದ್ದಾಗ ಸೆರೆಸಿಕ್ಕಿ, ತುಲಾ ಪ್ರಾಂತ್ಯದ ಬುನಿನ್ ಎಂಬ ಜಮೀನುದಾರನ ಮನೆ ಸೇರಿದಳು. ಅಲ್ಲಿ ದೀಕ್ಷೆ ಕೊಟ್ಟು ಎಲಿಜವೆತಾ ಎಂದು ಹೆಸರಿಟ್ಟರು. ಜಮೀನುದಾರನಿಂದ ಅವಳಿಗೆ 1783ರಲ್ಲಿ ಮಗ ಹುಟ್ಟಿದ. ಮದುವೆಯಾಗದ ತಾಯಿಯ ಮಗ, ತಂದೆಯ ಅಡ್ಡಹೆಸರು ಸಿಗಲಿಲ್ಲ. ಮನೆಯಲ್ಲಿ ಆಸರೆ ಪಡೆದಿದ್ದ ಬಡ ಸ್ನೇಹಿತನೊಬ್ಬ ತನ್ನ ಹೆಸರು ಕೊಟ್ಟ, ಕೂಸು ಝುಕೊವ್‌ಸ್ಕಿ ಆಯಿತು. ಸಾಲ್ಹಾ ಎಂದು ಕರೆಯುವವರು ಯಾರೂ ಇಲ್ಲದ ನಾಡಿನಲ್ಲಿ ಆ ಹೆಂಗಸು ಕೊನೆಯವರೆಗೆ ಬಾಳಿದಳು. ಅವಳ ಮಗ ಒಂದು ದೇಶದ ಹೆಣ್ಣುಮಕ್ಕಳಿಗೆ ಹೊಸ ಹೆಸರು ಕೊಟ್ಟ. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕಾರಣ ಮುಂದೆ ಹೇಳುತ್ತೇನೆ.

ಈಗ ಕವನ. ಅದಕ್ಕೆ ಮೂಲ ಜರ್ಮನ್ ಕವಿ ಬ್ಯುರ್ಗರ್ 1773ರಲ್ಲಿ ಬರೆದ 'ಲೆನೋರೆ'. ಅದರಲ್ಲಿ ಹುಡುಗಿಯ ಗಂಡಾಗುವವನು ಪ್ರಾಗ್ ಯುದ್ಧಕ್ಕೆ ಹೋಗಿದ್ದಾನೆ, 1757ರ ಯುದ್ಧ ಅದು. ಸೈನ್ಯ ಮರಳುತ್ತದೆ, ಅವನು ಮರಳುವುದಿಲ್ಲ. ಅವಳು ದೇವರನ್ನು ಬಯ್ಯುತ್ತಾಳೆ. ನಡುರಾತ್ರಿ ಕುದುರೆ ಏರಿ ಅವನು ಬರುತ್ತಾನೆ, ಕೂಡಿಸಿಕೊಂಡು ಓಡಿಸುತ್ತಾನೆ. ಆ ಮದುವೆಯ ಹಾಸಿಗೆ ಅವನ ಗೋರಿ. ಝುಕೊವ್‌ಸ್ಕಿ 1808ರಲ್ಲಿ ಇದನ್ನು ರಷ್ಯಕ್ಕೆ ತಂದು, ಹುಡುಗಿಗೆ ಲ್ಯುದ್ಮಿಲಾ ಎಂದು ಹೆಸರಿಟ್ಟ. ಲ್ಯುದ್ಮಿಲಾ ಕೂಡ ಗೋರಿಗೇ ಹೋದಳು. ಅವನಿಗೆ ಸಮಾಧಾನವಾಗಲಿಲ್ಲ. ಮತ್ತೆ ಕೂತು ನಾಲ್ಕಾರು ವರ್ಷ ತಿದ್ದಿ ಅದೇ ಕಥೆಯನ್ನು ಎರಡನೆಯ ಸಲ ಹೇಳಿದ. ಈ ಸಲ ಹುಡುಗಿ ಸ್ವೆತ್ಲಾನಾ.

ಜನವರಿಯ ಹಬ್ಬದ ಹಿಂದಿನ ರಾತ್ರಿ ಹುಡುಗಿಯರು ಸೇರಿ ಶಕುನ ನೋಡುತ್ತಾರೆ. ಚಪ್ಪಲಿಯನ್ನು ಬಾಗಿಲಾಚೆ ಎಸೆಯುತ್ತಾರೆ, ಮೇಣ ಕರಗಿಸಿ ನೀರಿಗೆ ಹಾಕುತ್ತಾರೆ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೊರಟ ಹುಡುಗಿಯರನ್ನು, ಇಲ್ಲಿ ನವರಾತ್ರಿಯಲ್ಲಿ ಭೊಂಡ್ಲಾ ಆಡುವ ಹುಡುಗಿಯರನ್ನು ನೋಡಿದವರಿಗೆ ಆ ಸಡಗರ ಹೊಸದಲ್ಲ. ಸ್ವೆತ್ಲಾನಾ ಮಾತ್ರ ಮಂಕಾಗಿದ್ದಾಳೆ, ಅವಳ ಹುಡುಗ ದೂರ ಹೋಗಿ ಒಂದು ವರ್ಷವಾಯಿತು, ಕಾಗದವಿಲ್ಲ. ನಡುರಾತ್ರಿ ಒಬ್ಬಳೇ ಕನ್ನಡಿ, ಮೇಣದ ಬತ್ತಿ ಇಟ್ಟುಕೊಂಡು ಕೂಡುತ್ತಾಳೆ. ಅವನು ಬರುತ್ತಾನೆ, ಹಿಮಗಾಡಿಯಲ್ಲಿ ಕರೆದೊಯ್ಯುತ್ತಾನೆ. ದಾರಿಯಲ್ಲಿ ಗುಡಿ, ಗುಡಿಯಲ್ಲಿ ಶವಪೆಟ್ಟಿಗೆ. ಕೊನೆಗೆ ಒಂದು ಒಂಟಿ ಗುಡಿಸಲು, ಅಲ್ಲೂ ಹೆಣ. ಹೆಣ ಏಳುತ್ತದೆ. ಬಿಳಿ ಪಾರಿವಾಳವೊಂದು ಅವಳನ್ನು ಕಾಯುತ್ತದೆ. ಸತ್ತವನು ತನ್ನ ಹುಡುಗನೇ ಎಂದು ತಿಳಿದ ಕ್ಷಣ ಎಚ್ಚರವಾಗುತ್ತದೆ. ಕನ್ನಡಿಯ ಮುಂದೆ ಕೂತಲ್ಲೇ ಇದ್ದಾಳೆ, ಹೊತ್ತು ಮೂಡಿದೆ. ಅಷ್ಟರಲ್ಲಿ ಗೆಜ್ಜೆಯ ಸದ್ದು. ನಿಜವಾದ ಹುಡುಗ, ಜೀವಂತವಾಗಿ, ಬಾಗಿಲಿಗೆ ಬಂದಿದ್ದಾನೆ.

ಕೇಳಿ ಮುಗಿದ ಕೂಡಲೇ ನಾನಂದೆ: "ಇದು ಮೋಸ. ಇಷ್ಟು ಹೆದರಿಸಿ ಕಡೀಕ ಕನಸು ಅಂದ್ರ ಹೆಂಗ?"

ಪಾಠ ಹೇಳಿದ ಅಭ್ಯಾಸ, ಬಿಡಲಿಲ್ಲ. ಲೆನೋರೆಯಲ್ಲಿ ದುಃಖಕ್ಕೆ ಬೆಲೆ ಇದೆ. ಯುದ್ಧ ಗಂಡನ್ನು ನುಂಗುತ್ತದೆ, ಹೆಣ್ಣು ಅದಕ್ಕೆ ದೇವರನ್ನು ಕೇಳುತ್ತಾಳೆ, ಕೇಳಿದ್ದಕ್ಕೆ ಸಾಯುತ್ತಾಳೆ. ಸ್ವೆತ್ಲಾನಾದಲ್ಲಿ ಕವಿ ಕೊನೆಗೆ ಬಂದು, ದೇವರನ್ನು ನಂಬಿರಿ, ಕೆಟ್ಟದ್ದೆಲ್ಲ ಕನಸು, ಸುಖವೇ ಎಚ್ಚರ ಎಂದು ಹರಸಿಬಿಡುತ್ತಾನೆ. ಯಾವ ಲೋಕದಲ್ಲಿ ಹಾಗಿದೆ? ನಾನು ಇದನ್ನು ಸದಾಶಿವ ಪೇಠದಲ್ಲಿ ಕೂತು ಕೇಳುತ್ತಿದ್ದೆ ಎಂಬುದನ್ನು ಮರೆಯಬೇಡಿ. ಈ ಪೇಠಕ್ಕೆ ಹೆಸರು ಬಂದದ್ದು ಸದಾಶಿವರಾವ್ ಭಾವುವಿನಿಂದ. 1760ರಲ್ಲಿ ನಮ್ಮ ಬೀದರಿಗೆ ಹತ್ತಿರದ ಉದಗೀರದಲ್ಲಿ ನಿಜಾಮನನ್ನು ಸೋಲಿಸಿ, ಅದೇ ಜೋರಿನಲ್ಲಿ ಉತ್ತರಕ್ಕೆ ಹೋದ. 1761ರ ಜನವರಿ 14, ಸಂಕ್ರಾಂತಿಯ ಹೊತ್ತು, ಪಾಣಿಪತ್ತಿನಲ್ಲಿ ಮುಗಿದುಹೋದ. ಹೆಂಡತಿ ಪಾರ್ವತೀಬಾಯಿ ದಂಡಿನ ಜೊತೆಗೇ ಹೋಗಿದ್ದಳು, ಹೇಗೋ ಬದುಕಿ ಪುಣೆಗೆ ಮರಳಿದಳು. ಸಿಕ್ಕ ಹೆಣ ಅವನದೇ ಹೌದೋ ಅಲ್ಲವೋ ಎಂಬ ಸಂಶಯ ಉಳಿಯಿತು. ಆಕೆ ಗಂಡ ಸತ್ತನೆಂದು ಒಪ್ಪಲೇ ಇಲ್ಲ, ವಿಧವೆಯ ವೇಷ ತೊಡಲಿಲ್ಲ. ಕೆಲವು ವರ್ಷಗಳ ಮೇಲೆ ಒಬ್ಬ ತೋತಯಾ, ಸೋಗಿನವನು, ನಾನೇ ಭಾವು ಎಂದು ಬಂದ. ನಂಬಿದವರೂ ಇದ್ದರು. ದಂಡು ಕಟ್ಟಿ ಕೋಟೆ ಹಿಡಿದ. ಕೊನೆಗೆ 1776ರಲ್ಲಿ ಅವನನ್ನು ಕೊಂದರು.

ಲೆಕ್ಕ ಹಾಕಿ ನೋಡಿ. ಪ್ರಾಗ್ 1757, ಪಾಣಿಪತ್ 1761, ಬೆಂಡರ್ 1770. ಬೇರೆ ಬೇರೆ ಯುದ್ಧ, ಆದರೆ ಒಂದೇ ಪೀಳಿಗೆಯ ಹೆಂಗಸರು. ಲೆನೋರೆ ಕಾದು ಸತ್ತಳು. ಸಾಲ್ಹಾ ಸೆರೆಯಾಗಿ ಹೆಸರು ಕಳೆದುಕೊಂಡಳು. ಪಾರ್ವತೀಬಾಯಿಗೆ ಕುದುರೆಯ ಮೇಲೆ ಬಂದವನು ಗಂಡನೂ ಅಲ್ಲ, ಭೂತವೂ ಅಲ್ಲ, ಬರೀ ಸೋಗು. ಅವಳ ಕನ್ನಡಿಯಲ್ಲಿ ಬೆಳಗಾಗಲೇ ಇಲ್ಲ. ಹೀಗಿರುವಾಗ ಸ್ವೆತ್ಲಾನಾ ಒಬ್ಬಳಿಗೇ ಎಚ್ಚರದಲ್ಲಿ ಗಂಡ ಬರುತ್ತಾನೆ ಎಂದರೆ ನಾನು ಹೇಗೆ ನಂಬಲಿ?

ಇದಕ್ಕೆ ಮಗಳು ಕೊಟ್ಟ ಉತ್ತರ ಎರಡನೆಯ ರಾತ್ರಿಯದು. "ಆಯಿ, ಅದು ಆಹೇರ. ಆಹೇರ ಕೊಡೂ ಮುಂದ ಯಾರು ಖರೇ ಹೇಳ್ತಾರ?"

ಸಂಗತಿ ಹೀಗಿದೆ. ಝುಕೊವ್‌ಸ್ಕಿ ಈ ಕವನವನ್ನು ಅಲೆಕ್ಸಾಂದ್ರಾ ಪ್ರೊತಾಸೊವಾ ಎಂಬ ಹುಡುಗಿಗೆ ಮದುವೆಯ ಉಡುಗೊರೆಯಾಗಿ ಅರ್ಪಿಸಿದ. ಅವನ ಮಲಸಹೋದರಿಯ ಮಗಳು ಅವಳು. ಅವಳ ಅಕ್ಕ ಮರಿಯಾಳನ್ನು ಅವನು ಪ್ರೀತಿಸಿದ್ದ. ರಕ್ತಸಂಬಂಧ ಎಂದು ಅವರ ತಾಯಿ ಒಪ್ಪಲಿಲ್ಲ. ನಮ್ಮ ಕಡೆ ಸೋದರಮಾವನ ಸಂಬಂಧ ಎಂದರೆ ಕೈತುತ್ತು, ಅಲ್ಲಿ ಅದು ಪಾಪ. ತನಗೆ ದಕ್ಕದ ಮನೆಯ ಇನ್ನೊಬ್ಬ ಮಗಳಿಗೆ ಕವಿ ಬರೆದುಕೊಟ್ಟ ಹರಕೆ ಅದು: ನಿನ್ನ ಬಾಳಿನಲ್ಲಿ ಕೆಟ್ಟದ್ದು ಕನಸಾಗಿಯೇ ಉಳಿಯಲಿ ಅಂತ. 1814ರಲ್ಲಿ ಅವಳ ಮದುವೆ ವೊಯೆಯ್ಕೊವ್ ಎಂಬವನೊಡನೆ ಆಯಿತು. ಆ ಸಂಸಾರ ಸುಖದ್ದಾಗಲಿಲ್ಲ. ಅಕ್ಕ ಮರಿಯಾ ಬೇರೊಬ್ಬನನ್ನು ಮದುವೆಯಾಗಿ 1823ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಅಲೆಕ್ಸಾಂದ್ರಾ ಕ್ಷಯ ಹತ್ತಿ 1829ರಲ್ಲಿ ದೂರದ ಇಟಲಿಯಲ್ಲಿ ಸತ್ತಳು, ಮೂವತ್ತೈದೂ ತುಂಬಿರಲಿಲ್ಲ. ಗೆಳೆಯರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸ್ವೆತ್ಲಾನಾ ಎಂದೇ.

ಅಂದರೆ ಹರಕೆ ಫಲಿಸಲಿಲ್ಲ. ಹೆಸರು ಉಳಿಯಿತು. ಇಷ್ಟು ತಿಳಿದ ಮೇಲೆ ಕವನದ ಕೊನೆ ನನಗೆ ಬೇರೆ ತರಹ ಕೇಳಿಸಿತು. ಅದು ಲೋಕ ಹೀಗಿದೆ ಎಂಬ ಹೇಳಿಕೆಯಲ್ಲ. ಲ್ಯುದ್ಮಿಲಾಳನ್ನು ಗೋರಿಗೆ ಕಳಿಸಿ ಬಲ್ಲವನು, ತಾಯಿಯ ಹೆಸರು ಅಳಿಸಿದ್ದನ್ನು ಬಲ್ಲವನು, ಒಬ್ಬಳಿಗಾದರೂ ಹಾಗಾಗದಿರಲಿ ಎಂದು ಅಂದ ಮಾತು. ಮಾತಿನಲ್ಲಿ ಸತ್ಯ ಹುಡುಕುವಾಗ ಯಾರು ಯಾರಿಗೆ ಅಂದದ್ದು ಎಂಬುದನ್ನೂ ನೋಡಬೇಕಾಗುತ್ತದೆ. ಮುತ್ತೈದೆಯಾಗಿ ನೂರು ವರ್ಷ ಬಾಳು ಎಂದು ನಮ್ಮ ಅಜ್ಜಿಯಂದಿರು ಹರಸುವಾಗ, ಅವರಲ್ಲಿ ಅರ್ಧ ಜನ ತಾವೇ ವಿಧವೆಯರಾಗಿದ್ದರು. ಅವರು ಸುಳ್ಳು ಹೇಳುತ್ತಿದ್ದರೇನು? ಆದರೂ ಒಂದು ಆಕ್ಷೇಪ ನನಗೆ ಉಳಿದೇ ಇದೆ. ದೇವರನ್ನು ನಂಬಿದ್ದಕ್ಕೆ ಸ್ವೆತ್ಲಾನಾ ಬದುಕಿದಳು ಎಂದು ಕವಿ ಸೂಚಿಸುತ್ತಾನಲ್ಲ, ಅದು ಸರಿಯಲ್ಲ. ಹಾಗಾದರೆ ಗಂಡ ಬಾರದ ಹೆಂಗಸರೆಲ್ಲ ನಂಬಿಕೆ ಕಡಿಮೆಯಾದವರು ಎಂದಾಗುತ್ತದೆ. ಪಾರ್ವತೀಬಾಯಿಗಿಂತ ಗಟ್ಟಿಯಾಗಿ ನಂಬಿದವರು ಯಾರಿದ್ದಾರೆ?

ಇದೇ ಝುಕೊವ್‌ಸ್ಕಿ ವಯಸ್ಸಾದ ಮೇಲೆ ನಮ್ಮ ಮಹಾಭಾರತದ ನಳ ದಮಯಂತಿಯರ ಕಥೆಯನ್ನು ಜರ್ಮನ್ ಅನುವಾದದ ಮೂಲಕ ರಷ್ಯನ್ನಿಗೆ ತಂದ, 1844ರಲ್ಲಿ ಅಚ್ಚಾಯಿತು. ಕನಕದಾಸರ ನಳಚರಿತ್ರೆ ಓದಿದ ನಮಗೆ ಅದರ ರುಚಿ ಗೊತ್ತು. ಅಲ್ಲಿಯೂ ಗಂಡ ದೂರವಾಗುತ್ತಾನೆ. ರೂಪ ಕೆಟ್ಟು, ಬಾಹುಕ ಎಂಬ ಬೇರೆ ಹೆಸರಿನಲ್ಲಿ ಬರುತ್ತಾನೆ. ದಮಯಂತಿ ಬರೀ ಕಾಯುತ್ತ ಕೂಡುವುದಿಲ್ಲ. ಎರಡನೆಯ ಸ್ವಯಂವರದ ಸುದ್ದಿ ಹಬ್ಬಿಸಿ ಕರೆಸುತ್ತಾಳೆ, ಅವನು ಮಾಡಿದ ಅಡುಗೆಯ ರುಚಿ ನೋಡಿ ಗುರುತು ಹಿಡಿಯುತ್ತಾಳೆ. ಕನ್ನಡಿಯ ಮುಂದೆ ನಿದ್ದೆ ಹೋದ ಹುಡುಗಿಗಿಂತ ಇವಳು ಜಾಣೆ. ಕವಿಯೂ ಮೂವತ್ತು ವರ್ಷದಲ್ಲಿ ಬೆಳೆದಿದ್ದಾನೆ ಅನ್ನಿಸುತ್ತದೆ. ಹೆಸರು ಬದಲಾದರೂ ಮನುಷ್ಯನನ್ನು ಕಂಡುಹಿಡಿಯಬಹುದು ಎಂಬ ಕಥೆ ಅವನನ್ನು ಏಕೆ ಸೆಳೆಯಿತು ಎಂದು ಕೇಳಿದರೆ, ನಾನು ಸಾಲ್ಹಾಳ ಕಡೆ ಕೈ ತೋರಿಸುತ್ತೇನೆ. ಇದು ನನ್ನ ಊಹೆ ಮಾತ್ರ.

ಈಗ ನನ್ನ ಕಾರಣ. ನಾನು ಧಾರವಾಡದಿಂದ ಮದುವೆಯಾಗಿ ಈ ಪೇಠಕ್ಕೆ ಬಂದದ್ದು 1984ರಲ್ಲಿ. ನಮ್ಮ ಯಜಮಾನರ ಮನೆದೇವರು ಬಾದಾಮಿ ಬನಶಂಕರಿ, ಮನೆಮಾತು ಮಾತ್ರ ಮರಾಠಿ. ಮದುವೆಯ ದಿನ ಬೆಳ್ಳಿ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಗೆರೆ ಎಳೆದು ನನಗೆ ಹೊಸ ಹೆಸರು ಬರೆದರು. ನಮ್ಮ ಕಡೆಯೂ ಕೆಲವು ಮನೆಗಳಲ್ಲಿ ಈ ಪದ್ಧತಿ ಇದೆ, ಗೊತ್ತಿರುವವರಿಗೆ ಗೊತ್ತು. ಹೆಸರು ಚೆಂದದ್ದೇ. ಬರೆದವರು ಪ್ರೀತಿಯಿಂದಲೇ ಬರೆದರು. ನಾನೂ ನಾಚಿಕೊಂಡು ನಕ್ಕೆ. ಆಮೇಲೆ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಕೆಲಸದ ಕಾಗದ ಎಲ್ಲ ಆ ಹೆಸರಿನಲ್ಲೇ ಆದವು. ಅವ್ವ ಇರುವತನಕ ಧಾರವಾಡದ ಮನೆಯಲ್ಲಿ ಹಳೆಯ ಹೆಸರು ಬದುಕಿತ್ತು. ಈಗ ಅದನ್ನು ಕರೆಯುವವರು ಇಬ್ಬರೇ ಉಳಿದಿದ್ದಾರೆ, ಒಬ್ಬ ಅಣ್ಣ, ಒಬ್ಬ ಗೆಳತಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿಗೆ ಕೊಡುವ ಹೆಸರಲ್ಲ ಅದು.

ಇದು ನನ್ನೊಬ್ಬಳ ಸುದ್ದಿಯಲ್ಲ. ಪುಣೆಯ ಇಬ್ಬರು ದೊಡ್ಡ ಹೆಂಗಸರನ್ನು ತೆಗೆದುಕೊಳ್ಳಿ. 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಆನಂದಿಬಾಯಿ ಜೋಶಿ, ಪುಣೆಯ ಸೇವಾ ಸದನ ಬೆಳೆಸಿದ ರಮಾಬಾಯಿ ರಾನಡೆ. ತೌರಿನಲ್ಲಿ ಇಬ್ಬರ ಹೆಸರೂ ಯಮುನಾ! ಎರಡು ಯಮುನೆಯರು ಎರಡು ತಾಟಿನ ಅಕ್ಕಿಯಲ್ಲಿ ಇಂಗಿಹೋದರು. ಆನಂದಿಬಾಯಿ, ರಮಾಬಾಯಿ ಎಂದು ಇಡೀ ದೇಶ ಕೈಮುಗಿಯಿತು, ಸರಿ. ಆದರೆ ಯಮುನಾ ಎಂದು ಯಾರೂ ಕೂಗದ ಮನೆಗೆ ಮೊದಲ ದಿನ ಕಾಲಿಟ್ಟ ಆ ಚಿಕ್ಕ ಹುಡುಗಿಯರಿಗೆ, ಹೊಸ ಹೆಸರು ಕರೆದಾಗ ತಿರುಗಿ ನೋಡಬೇಕು ಎಂದು ಹೊಳೆಯಲು ಎಷ್ಟು ಹೊತ್ತು ಬೇಕಾಯಿತೋ. ನನಗಂತೂ ಮೂರು ತಿಂಗಳು ಬೇಕಾಯಿತು. ಅತ್ತೆ ಕರೆಯುತ್ತಿದ್ದರು, ನಾನು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಹುಡುಗಿಗೆ ಕಿವಿ ಮಂದ ಎಂದು ಅವರಿಗೆ ಸಂಶಯ ಬಂದಿತ್ತು.

ನಾನು ಬಂದ ಆ 1984ರ ಏಪ್ರಿಲಿನಲ್ಲೇ ರಾಕೇಶ್ ಶರ್ಮಾ ರಷ್ಯದ ನೌಕೆಯಲ್ಲಿ ಬಾನಿಗೆ ಹೋಗಿಬಂದದ್ದು. ಜುಲೈಯಲ್ಲಿ ಸ್ವೆತ್ಲಾನಾ ಸವಿತ್‌ಸ್ಕಯಾ ನೌಕೆಯಿಂದ ಹೊರಬಂದು ಬಯಲಿನಲ್ಲಿ ತೇಲಿ ಕೆಲಸ ಮಾಡಿದಳು. ಹಾಗೆ ಮಾಡಿದ ಮೊದಲ ಹೆಣ್ಣು. ಇನ್ನೊಬ್ಬ ಸ್ವೆತ್ಲಾನಾ ಅದಕ್ಕೂ ಮೊದಲೇ ನಮ್ಮ ದೇಶಕ್ಕೆ ಬಂದಿದ್ದಳು, 1926ರಲ್ಲಿ ಹುಟ್ಟಿದ ಸ್ಟಾಲಿನ್‌ನ ಮಗಳು. ತಾನು ಪ್ರೀತಿಸಿದ ಬ್ರಜೇಶ್ ಸಿಂಗ್‌ನ ಅಸ್ಥಿ ಹಿಡಿದುಕೊಂಡು 1966ರ ಡಿಸೆಂಬರಿನಲ್ಲಿ ಗಂಗೆಯ ದಂಡೆಯ ಕಾಲಾಕಾಂಕರಕ್ಕೆ ಬಂದಳು. ಹಿಂದಿರುಗಬೇಕಾದವಳು 1967ರ ಮಾರ್ಚ್ 6ರಂದು ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿಗೆ ನಡೆದುಹೋದಳು. ಹುಟ್ಟಿದಾಗ ಸ್ಟಾಲಿನಾ, 1957ರಲ್ಲಿ ತಾಯಿಯ ಮನೆತನದ ಹೆಸರು ತೆಗೆದುಕೊಂಡು ಅಲ್ಲಿಲುಯೆವಾ, ಅಮೆರಿಕದಲ್ಲಿ ಮದುವೆಯಾದ ಮೇಲೆ ಲಾನಾ ಪೀಟರ್ಸ್. 2011ರಲ್ಲಿ ಸತ್ತಾಗ ಮೂಲ ಹೆಸರಿನ ಬಾಲವಷ್ಟೇ ಜೊತೆಗಿತ್ತು. 2015ರಲ್ಲಿ ನೊಬೆಲ್ ಪಡೆದ ಬೆಲರೂಸಿನ ಸ್ವೆತ್ಲಾನಾ ಅಲೆಕ್ಸಿಯೇವಿಚ್, ಯುದ್ಧಕ್ಕೆ ಹೋದ ಹೆಂಗಸರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದಳು. 2020ರಲ್ಲಿ ಅವಳೂ ಊರು ಬಿಡಬೇಕಾಯಿತು. ಕವನದ ಸ್ವೆತ್ಲಾನಾ ಮನೆಯಲ್ಲಿ ಕೂತು ಕಾದಳು. ಅವಳ ಹೆಸರಿಟ್ಟುಕೊಂಡವರು ಹೊಸ್ತಿಲು ದಾಟಿ ಹೋದರು. ಹೆಸರು ಕವಿಯ ಮಾತು ಕೇಳುವುದಿಲ್ಲ, ಇಟ್ಟವರ ಮಾತನ್ನೂ ಕೇಳುವುದಿಲ್ಲ.

ಮೂರನೆಯ ರಾತ್ರಿ ಮಗಳಿಗೆ ನನ್ನ ಅಭಿಪ್ರಾಯ ಹೇಳಿದೆ. ಹೆಸರು ಪರದೇಶದ್ದು ಎಂಬ ತಕರಾರು ನನಗಿಲ್ಲ, ಬೇರು ನಮ್ಮದೂ ಹೌದು. ಪುರಾತನ ಎಂಬ ಹೆಮ್ಮೆಯೂ ಬೇಡ, ಅದು ಪುರಾತನ ಅಲ್ಲ. ಅದು ಒಬ್ಬ ಹರಸಿ ಕೊಟ್ಟದ್ದು, ಯಾರ ಹೆಸರನ್ನೂ ಅಳಿಸಿ ಅದರ ಮೇಲೆ ಬರೆದದ್ದಲ್ಲ. ನನಗೆ ಬೇಕಾದದ್ದು ಅಷ್ಟೇ. "ಇಡು. ಆದ್ರ ಒಂದು ಮಾತು. ನಾಳೆ ಆಕಿ ಮದುವಿ ಆಗೂ ಮುಂದ ಯಾರರೆ ತಾಟಿನ್ಯಾಗ ಅಕ್ಕಿ ಹರವಿದ್ರ, ಆ ಅಕ್ಕಿ ಅನ್ನ ಮಾಡಾಕ ಇರಲಿ ಅಂತ ಹೇಳು."

ಮಗಳು ಕೂಸ ನೋಡುತ್ತ, "ನಿನ್ನ ತೌರುಮನಿ ಹೆಸರು ನನಗ ಇವತ್ತಿನತನಕ ಸರಿಯಾಗಿ ಗೊತ್ತಿರಲಿಲ್ಲ ನೋಡು ಆಯಿ, ಮಾಮಾ ಏನೋ ಕರೀತಾನ, ಅದು ಲಾಡಿನ ಹೆಸರು ಅಂತ ತಿಳಕೊಂಡಿದ್ದೆ" ಅಂದಳು. ಮೂವತ್ತು ದಾಟಿದ ಮಗಳು. ನಾನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಹೇಳಿದೆ. ಅವಳು ಒಂದು ಸಲ ಮೆಲ್ಲಗೆ ಅಂದು ನೋಡಿದಳು. ನಾನು ಎದ್ದು ನೀರು ಕಾಯಿಸಲು ಹೋದೆ.

ಬಾರಸೆ ಆಯಿತು. ತೊಟ್ಟಿಲಲ್ಲಿ ಹಾಕಿ, ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿದಳು. ಬೀಗತಿ ಕೊನೆಗೆ ಒಪ್ಪಿದರು, ಅವರ ಕಡೆಯ ಒಂದು ಹೆಸರನ್ನೂ ಜೊತೆಗೆ ಇಟ್ಟದ್ದಾಯಿತು. ಕೆಳಗಿನ ಮನೆಯ ಆಜಿ ಕುಂಚಿಗೆ ಹಿಡಿದುಕೊಂಡು ಬಂದರು, ಹೆಸರೇನು ಎಂದು ಕೇಳಿದರು, ಎರಡು ಸಲ ಹೇಳಿಸಿಕೊಂಡರು. ಬಾಯಲ್ಲಿ ಸ್ವಲ್ಪ ಹೊರಳಿಸಿ ನೋಡಿ, "ಅಂದ್ರ ಶ್ವೇತಾ ಅನ್ನೂಣಲ್ಲ" ಎಂದು ತಾವೇ ತೀರ್ಮಾನಿಸಿದರು. ಈಗ ಇಡೀ ಜಿನೆಯಲ್ಲಿ, ಮೇಲಿಂದ ಕೆಳಗಿನವರೆಗೆ, ಅದು ಶ್ವೇತಾಳೇ. ಮಗಳು ಇನ್ನೂ ತಿದ್ದುತ್ತಾಳೆ. ನಾನು ತಿದ್ದುವುದಿಲ್ಲ, ಆದರೆ ಎಣ್ಣೆ ಹಚ್ಚುವಾಗ ಪೂರ್ತಿ ಹೆಸರೇ ಕರೆಯುತ್ತೇನೆ. ಮೊನ್ನೆಯಿಂದ ಕೂಸು ನನ್ನ ದನಿ ಕೇಳಿದರೆ ತಿರುಗಿ ನೋಡುತ್ತದೆ.